ಹಡಗಿನ ಹತ್ತು ತಾಸಿಗೆ ಹಾಲಸಿದ್ದಪ್ಪನ ತಾಲೀಮು

ಹಾಲಸಿದ್ದಪ್ಪ ಲಂಚ ತಿಂದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿ ನೀವು ಅವನನ್ನು ತಿಂದವರ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುತ್ತೀರಿ. ಒಂದು ಪೈಸೆ ಮುಟ್ಟದೆಯೂ ಮನುಷ್ಯ ಮನುಷ್ಯರಿಗೆ ಎಷ್ಟು ಅನ್ಯಾಯ ಮಾಡಬಲ್ಲ ಎಂಬುದು ನನ್ನ ಮಾತು.

ಸಿರುಗುಪ್ಪ ರಸ್ತೆ ಬಳ್ಳಾರಿಯೊಳಗೆ ಬರುವ ಕಡೆ ಮೊದಲು ಆಕ್ಟ್ರಾಯ್ ನಾಕಾ ಇತ್ತು. ಊರೊಳಗೆ ಬರುವ ಸರಕಿಗೆಲ್ಲ ಅಲ್ಲಿ ಸುಂಕ ಕಟ್ಟಬೇಕಿತ್ತು. ಎಪ್ಪತ್ತೊಂಬತ್ತರಲ್ಲಿ ಆ ಸುಂಕವನ್ನೇ ಎತ್ತಿಬಿಟ್ಟರು. ಅಲ್ಲಿಯವರೆಗೆ ಇಪ್ಪತ್ತೊಂಬತ್ತು ವರ್ಷ ಆ ನಾಕಾದ ಬೆಂಚಿನ ಮೇಲೆ ಹಾಲಸಿದ್ದಪ್ಪ ಕೂತಿದ್ದ. ಕೈಯಲ್ಲಿ ತುದಿ ಚೂಪಾದ ಒಂದು ಕಬ್ಬಿಣದ ಸಲಾಕೆ. ಬಾದನಹಟ್ಟಿ ಕಡೆಯಿಂದ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಬಂದರೆ ಇಳಿಸಿ ನಿಲ್ಲಿಸುತ್ತಿದ್ದ.

‘ಏನೈತಿ?’

‘ಬದನಿಕಾಯ್ರಿ.’

‘ಕೆಳಗ?’

‘ಕೆಳಗೂ ಬದನಿಕಾಯೇ ರೀ, ಸಾಹೇಬ್ರ. ಬದನಿಕಾಯಿ ಬುಡಕ ಬಂಗಾರ ಇಟ್ಕೊಂಡು ಬರೋರಂಗ ಕಾಣ್ತೀವೇನ್ರಿ ನಾವು?’

ಸಲಾಕೆ ಬುಟ್ಟಿಯ ತಳ ಮುಟ್ಟುವವರೆಗೆ ಇಳಿಯುತ್ತಿತ್ತು. ತೂತು ಬಿದ್ದ ಕಾಯನ್ನು ಪೇಟೆಯಲ್ಲಿ ಯಾರು ಕೊಳ್ಳುತ್ತಾರೆ? ಅದನ್ನು ಅವನು ಎಂದೂ ಯೋಚಿಸಲಿಲ್ಲ. ಅದೇ ರಸ್ತೆಯಲ್ಲಿ ಅರಳೆ ಹೇರಿದ ಲಾರಿ ಬಂದು ನಿಂತರೆ ಡ್ರೈವರ್ ಒಂದು ಅಚ್ಚಾದ ಕಾಗದ ಚಾಚುತ್ತಿದ್ದ. ಹಾಲಸಿದ್ದಪ್ಪ ಓದುತ್ತಿದ್ದ, ಮೊಹರು ನೋಡುತ್ತಿದ್ದ, ಕೈ ಬೀಸುತ್ತಿದ್ದ. ಕಾಗದ ಸುಳ್ಳು ಹೇಳುವುದಿಲ್ಲ ಎಂದು ಅವನ ನಂಬಿಕೆ. ಅವನ ಅನುಮಾನವೆಲ್ಲ ಕಾಗದವಿಲ್ಲದವರ ಪಾಲಿಗೆ.

ಪಾರ್ವತಿನಗರದ ಮನೆಯಲ್ಲೂ ಇದೇ ರೀತಿ. ಹೆಂಡತಿ ಜಂಬಮ್ಮ ಹಾಲಿನವನು ಎಷ್ಟು ಹೊತ್ತಿಗೆ ಬಂದ ಎಂದು ಬೆಳಿಗ್ಗೆ ಒಂದು ಸಲ ಹೇಳಬೇಕು, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಮೂರೂ ಒಂದೇ ಆಗಿರಬೇಕು. ಮೂವತ್ತೈದು ವರ್ಷ ಆಕೆ ಹಾಗೆಯೇ ಹೇಳಿಕೊಂಡು ಬಂದಳು. ಮನೆಗೆ ಯಾರಾದರೂ ಬಂದು ಕೇಳಿದರೆ ನಾಕಾದ ಕೆಲಸ ಗಂಡನನ್ನು ಹೀಗೆ ಮಾಡಿತು ಎನ್ನುತ್ತಿದ್ದಳು. ಅವನೂ ಹಾಗೇ ಎನ್ನುತ್ತಿದ್ದ.

ನಾಕಾ ಮುಚ್ಚಿದ ಮೇಲೆ ಅವನನ್ನು ಮುನಿಸಿಪಾಲಿಟಿ ಕಚೇರಿಯ ಒಂದು ಮೂಲೆಯಲ್ಲಿ ನೀರಿನ ಕಂದಾಯದ ಫೈಲುಗಳ ನಡುವೆ ಕೂರಿಸಿದರು. ಚುಚ್ಚಲು ಏನೂ ಇರಲಿಲ್ಲ. ಆ ವರ್ಷವೇ ಅಳಿಯ ಕೊಟ್ರಬಸಪ್ಪನ ಕಾಗದ ಬಂತು. ಅವನು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಹೆಂಡತಿ ಶಿವಬಸಮ್ಮ, ಅಂದರೆ ಹಾಲಸಿದ್ದಪ್ಪನ ಮಗಳು, ಅವನು ಸಮುದ್ರದಲ್ಲಿರುವಾಗ ತವರಿನಲ್ಲೇ ಇರುತ್ತಿದ್ದಳು. ಅವಳೇ ಓದಿದಳು.

‘ಮನೆಯವರನ್ನು ಒಂದು ಸಲ ಹಡಗಿನಲ್ಲಿ ಕರೆದುಕೊಂಡು ಹೋಗಲು ನಮಗೆ ಅನುಮತಿ ಕೊಡುತ್ತಾರೆ. ಮದ್ರಾಸಿನಿಂದ ಹೊರಟು ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಒಂದು ಹಗಲು ನಿಂತು ಹಡಗು ಕಲ್ಕತ್ತೆಗೆ ಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಇಳಿಯಬಹುದು, ಸಂಜೆ ಐದಕ್ಕೆ ಏಣಿ ಎತ್ತುತ್ತಾರೆ. ಡ್ಯೂಟಿ ಇರುವುದರಿಂದ ನಾನು ಇಳಿಯುವ ಹಾಗಿಲ್ಲ. ಬಂದರಿನ ಹೊರಗೆ ಬಾಡಿಗೆ ಕಾರು ಸಿಗುತ್ತವೆ. ಮಾವನವರು ದ್ವೀಪ ನೋಡಿಕೊಂಡು ಬರಲಿ. ತಡವಾದರೆ ಹಡಗು ಕಾಯುವುದಿಲ್ಲ. ಮುಂದಿನದಕ್ಕೆ ಎರಡು ವಾರ.’

‘ತಾ ಯಾಕ ಇಳಿಯಂಗಿಲ್ಲಂತ?’ ಎಂದ ಹಾಲಸಿದ್ದಪ್ಪ.

‘ಡ್ಯೂಟಿ ಐತಂತಲ್ಲ ಯಪ್ಪಾ.’

‘ಕಾರು ಬಂದರಿನ ಹೊರಗ ಯಾಕ ನಿಂದರ್ತಾವ? ಒಳಗ ಯಾಕ ಬಿಡಂಗಿಲ್ಲ?’

‘ಅದನ್ನ ಹಡಗಿನ ಕ್ಯಾಪ್ಟನ್‌ಗ ಕೇಳಬೇಕು ನೋಡು.’

ಅಂತೂ ಹೊರಡುವುದೆಂದಾಯಿತು. ನೋಡಬೇಕಾದ ಜಾಗಗಳನ್ನು ಅಪ್ಪ ಹೇಳಿದ, ಮಗಳು ಬರೆದಳು: ಜೈಲು, ಮರ ಕೊಯ್ಯುವ ಕಾರ್ಖಾನೆ, ಸಮುದ್ರದ ದಂಡೆ, ಬಜಾರು. ಪ್ರತಿಯೊಂದರ ಮುಂದೆ ಎಷ್ಟು ನಿಮಿಷ ಎಂದೂ ಬರೆಸಿದ. ಮರುದಿನ ಪಟ್ಟಿ ತೆಗೆದು ನೋಡಿದರೆ ತಾನು ಹೇಳದ ಐದನೆಯ ಹೆಸರೊಂದಿತ್ತು. ಗಾರಾಚರ್ಮಾ, ಎರಡು ತಾಸು.

‘ಇದೇನಿದು?’ ಎಂದು ಮಗಳನ್ನು ಕೇಳಿದ.

‘ಹಳ್ಳಿ. ತೆಂಗಿನ ತೋಟ ಭಾಳ ಛಲೋ ಅದಾವಂತ.’

ಅಡುಗೆಮನೆಗೆ ಹೋಗಿ ಹೆಂಡತಿಯನ್ನು ಕೇಳಿದ.

‘ಗುಡಿ ಐತಂತ್ರಿ ಅಲ್ಲಿ,’ ಎಂದಳು ಜಂಬಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಒಬ್ಬಳ ಬಾಯಲ್ಲಿ ತೋಟ, ಇನ್ನೊಬ್ಬಳ ಬಾಯಲ್ಲಿ ಗುಡಿ. ಹಾಲಸಿದ್ದಪ್ಪನಿಗೆ ಎಷ್ಟೋ ತಿಂಗಳ ಮೇಲೆ ಮೈಯಲ್ಲಿ ರಕ್ತ ಹರಿದಂತಾಯಿತು. ಅಳಿಯ ಹಡಗಿನವನು. ಹಡಗಿನವರು ಫಾರಿನ್ ಗಡಿಯಾರ, ಟ್ರಾನ್ಸಿಸ್ಟರು ಸಾಗಿಸುವುದನ್ನು ಊರೇ ಮಾತಾಡುತ್ತದೆ. ತಾನು ಇಳಿಯದೆ ಅತ್ತೆ ಮಾವನನ್ನು ಇಳಿಸಿ, ಒಂದು ಹಳ್ಳಿಗೆ ಕಳಿಸಿ, ಅಲ್ಲಿ ಗಂಟೊಂದನ್ನು ಕೈಗೆ ಕೊಡಿಸುವ ಹಂಚಿಕೆ! ಮುದುಕಿಯ ಸೀರೆಯ ಗಂಟನ್ನು ಯಾವ ಪೊಲೀಸ ಬಿಚ್ಚುತ್ತಾನೆ? ಹೀಗೆ ಲೆಕ್ಕ ಹಾಕಿದವನು ಮನೆಯಲ್ಲಿ ಮಾತ್ರ ಏನೂ ಬಾಯಿಬಿಡಲಿಲ್ಲ.

‘ತಾಲೀಮು ಮಾಡೂಣು,’ ಎಂದ.

ಅವನು ಹುಟ್ಟಿದ್ದು ಕುರುಗೋಡಿನಲ್ಲಿ. ಪ್ರಾಯದಲ್ಲಿ ಬಯಲಾಟದಲ್ಲಿ, ಬಂದ ಪಾತ್ರವನ್ನೆಲ್ಲ ಯಾರು ಏನು ಎಂದು ವಿಚಾರಿಸುವ ಸಾರಥಿಯ ಪಾರ್ಟು ಮಾಡಿದವನು. ಒಂದು ಆಟ ಅಟ್ಟ ಹತ್ತಬೇಕಾದರೆ ಮಾಸ್ತರನ ಮುಂದೆ ಮೂರು ತಿಂಗಳು ತಾಲೀಮು ನಡೆಯಬೇಕು. ಕುಣಿತದಿಂದ ಹಿಡಿದು ಕಡೆಯ ಮಾತಿನವರೆಗೆ ಎಲ್ಲವೂ ಮೊದಲೇ ಆಗಿರಬೇಕು. ನಮ್ಮ ಸೀಮೆಯಲ್ಲಿ ಅದಿಲ್ಲದೆ ಆಟವಿಲ್ಲ. ಪ್ರವಾಸಕ್ಕೂ ಅದನ್ನು ಹಚ್ಚಿದವನು ನನಗೆ ಗೊತ್ತಿದ್ದಂತೆ ಇವನೊಬ್ಬನೇ. ಬಳ್ಳಾರಿ ರೈಲ್ವೆ ಸ್ಟೇಷನ್ನೇ ಹಡಗು. ಏಳಕ್ಕೆ ಅಲ್ಲಿಂದ ಬಾಡಿಗೆ ಕಾರಿನಲ್ಲಿ ಹೊರಡುವುದು, ಕುರುಗೋಡು, ಸಿರುಗುಪ್ಪ ಸುತ್ತಿ ಐದರೊಳಗೆ ಬಂದು ಸ್ಟೇಷನ್ನಿನ ಮೆಟ್ಟಿಲು ಹತ್ತುವುದು. ಡ್ರೈವರು ಎಲ್ಲೆಲ್ಲಿ ಮೋಸ ಮಾಡುತ್ತಾನೆ, ಹೆಂಗಸರು ಇಳಿದು ಹತ್ತಲು ಎಷ್ಟು ಹೊತ್ತು ತಿನ್ನುತ್ತಾರೆ, ಎಲ್ಲ ಬರೆದುಕೊಳ್ಳುವುದು.

ಕಾರು ಒಬ್ಬ ಸಾಹುಕಾರರ ಅಂಬಾಸಡರ್. ಓಡಿಸುವವನು ಮಾರೆಣ್ಣ, ಬಾದನಹಟ್ಟಿ ಕೇರಿಯವನು. ಸ್ಟೇಷನ್ನಿನ ಮುಂದೆ ಹಾಲಸಿದ್ದಪ್ಪ ಮೀಟರಿನ ಅಂಕಿ ಬರೆದುಕೊಂಡ, ಚಕ್ರಗಳಿಗೆ ಸೀಮೆಸುಣ್ಣದ ಗುರುತು ಹಾಕಿದ.

‘ಮಾರೆಣ್ಣ, ಇವತ್ತು ನೀ ಅಂಡಮಾನ್ ಡ್ರೈವರ್. ನಮ್ಮ ಭಾಷಾ ನಿನಗ ತಿಳಿಯಂಗಿಲ್ಲ.’

‘ಹಂಗಾದ್ರ ಈಗ ನೀವು ಹೇಳಿದ್ದೂ ತಿಳೀಲಿಲ್ರಿ.’

‘ಚ್ಯಾಷ್ಟಿ ಬ್ಯಾಡಲೇ. ದಾರ್ಯಾಗ ನಮಗ ಮೋಸ ಮಾಡಾಕ ನೋಡು. ನಾ ಹಿಡೀತೀನಿ.’

‘ಮೋಸ ಮಾಡು ಅಂತ ಬಾಡಿಗಿ ಕೊಡೋರ್ನ ಇವತ್ತ ನೋಡಿದೆ,’ ಎಂದ ಮಾರೆಣ್ಣ. ಹಿಂದೆ ಕೂತ ಶಿವಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಕುರುಗೋಡಿನ ದೊಡ್ಡ ಬಸವಣ್ಣನ ಗುಡಿ ಜೈಲಾಯಿತು. ನಲವತ್ತು ನಿಮಿಷ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ. ಮೂವರಿಗೂ ಒಳಗೆ ಪಿಂಗಾಣಿಯ ಕಪ್ಪು ಬಸಿ ಬಂದವು. ಮಾರೆಣ್ಣ ಹೊರಗೆ ಗೋಡೆಯ ಗೂಡಿನಲ್ಲಿದ್ದ ಒಂದು ಗಾಜಿನ ಲೋಟ ತೆಗೆದುಕೊಂಡು ಎತ್ತರದಿಂದ ಹುಯ್ಯಿಸಿಕೊಂಡ, ಕುಡಿದ, ತೊಳೆದು ಮತ್ತೆ ಗೂಡಿನಲ್ಲೇ ಇಟ್ಟ. ಹಾಲಸಿದ್ದಪ್ಪ ಪುಸ್ತಕದಲ್ಲಿ ‘ಚಹಾ, ಹದಿನಾಲ್ಕು ನಿಮಿಷ’ ಎಂದು ಬರೆದ. ಜಗತ್ತಿನಲ್ಲಿ ಎಲ್ಲದರ ಮೇಲೂ ಅನುಮಾನವಿದ್ದ ಮನುಷ್ಯನಿಗೆ ಆ ಗೂಡಿನ ಮೇಲೆ ಅನುಮಾನ ಬರಲಿಲ್ಲ.

ಕಾರ್ಖಾನೆ, ದಂಡೆ ಎಂದು ಅಲ್ಲಲ್ಲಿ ನಿಂತು ಸಿರುಗುಪ್ಪದ ಬಜಾರು ಮುಗಿಸಿದಾಗ ಹನ್ನೆರಡೂವರೆ.

‘ಮೋಸ ಸಿಕ್ತೇನ್ರಿ ಸಾಹೇಬ್ರ?’

‘ಇನ್ನೂ ಮಾಡಿಲ್ಲ ನೀ.’

‘ನಾಕು ಮೈಲು ಸುತ್ತು ಹಾಕಿ ಬಂದೀನ್ರಿ, ಕಾಲುವಿ ಗುಂಟ. ನೀವು ಮೀಟರ್ ನೋಡಿದ್ರಿ, ದಾರಿ ನೋಡ್ಲಿಲ್ಲ.’

ಹಾಲಸಿದ್ದಪ್ಪನ ಮುಖ ಕಪ್ಪಿಟ್ಟಿತು. ತಾನೇ ಮಾಡೆಂದ ಮೋಸಕ್ಕೆ ಸಿಟ್ಟು ಬಂತು. ಅಲ್ಲಿಂದ ಮುಂದೆ ಮಾರೆಣ್ಣ ಗೇರು ಬದಲಿಸಿದರೂ ಅವನ ಕಣ್ಣು ಆ ಕೈಯ ಮೇಲೆಯೇ.

ಆಗ ಜಂಬಮ್ಮ ಮಾತಾಡಿದಳು. ‘ಗಾರಾಚರ್ಮಾ ಉಳೀತಲ್ರಿ. ರಾರಾವಿಗೆ ಹೋಗೂಣು. ಅದನ್ನ ಗಾರಾಚರ್ಮಾ ಅಂತ ತಿಳೀರಿ.’

ರಾರಾವಿ ಆಕೆಯ ತವರು. ತವರಿನಲ್ಲಿ ಈಗ ಯಾರೂ ಇಲ್ಲ. ಚಿಕ್ಕಪ್ಪನೊಬ್ಬನಿದ್ದ, ಅವನೂ ತೀರಿ ಹತ್ತು ವರ್ಷ. ಬೇಡವೆನ್ನಲು ಬಾಯಿ ತೆರೆದ ಹಾಲಸಿದ್ದಪ್ಪ ತಡೆದುಕೊಂಡ. ಗಂಟು ಹೇಗೆ ಕೈ ಸೇರುತ್ತದೆ, ತಾಲೀಮಿನಲ್ಲೇ ನೋಡೋಣ.

ಊರ ಹೊರಗೆ ಕಾರು ನಿಲ್ಲಿಸಲು ಹೇಳಿ ಜಂಬಮ್ಮ ಒಬ್ಬಳೇ ಹೊಲದ ಬದುವಿನ ಮೇಲೆ ನಡೆದುಹೋದಳು. ಮಗಳು ಹಿಂದೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಯನ್ನೂ ಹಾಲಸಿದ್ದಪ್ಪ ಬರೆದುಕೊಂಡ. ನಲವತ್ತು ನಿಮಿಷದ ಮೇಲೆ ಜಂಬಮ್ಮ ತಿರುಗಿ ಬಂದಾಗ ಸೊಂಟದ ಹತ್ತಿರ ಒಂದು ಬಟ್ಟೆಯ ಗಂಟಿತ್ತು.

‘ಏನೈತಿ ಅದರಾಗ?’

‘ಮಣ್ಣು.’

‘ಕೆಳಗ?’

‘ಕೆಳಗೂ ಮಣ್ಣೇ.’

‘ತಾ ಇಲ್ಲಿ.’

ಗಂಟನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಬಿಚ್ಚಿದ. ಎರಡು ಹಿಡಿ ಕರಿ ಮಣ್ಣು, ಒಂದು ವಿಭೂತಿ ಗಟ್ಟಿ, ನಾಲ್ಕು ಪತ್ರಿ, ಮಡಿಕೆಯಲ್ಲಿ ಹರಿದ ಒಂದು ಹಳೆಯ ಕಾರ್ಡು. ಬೆರಳು ಹಾಕಿ ಮಣ್ಣನ್ನು ಕೆದಕಿದ. ಮಾರೆಣ್ಣ ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡು ನಿಂತ. ಅವನ ತಾಯಿಯೂ ಬುಟ್ಟಿ ಹೊತ್ತು ಆ ನಾಕಾ ದಾಟಿದವಳೇ. ಆದರೆ ಒಬ್ಬ ಗಂಡ ಕಟ್ಟಿಕೊಂಡ ಹೆಂಡತಿಯ ಗಂಟನ್ನೂ ಹೀಗೆ ಕೆದಕುತ್ತಾನೆಂದು ತಾನು ತಿಳಿದಿರಲಿಲ್ಲ ಎಂದು ಮಾರೆಣ್ಣ ಆಮೇಲೆ ನನಗೆ ಹೇಳಿದ.

‘ನಮ್ಮವ್ವನ ಸಮಾಧಿ ಮಣ್ಣದು,’ ಎಂದಳು ಜಂಬಮ್ಮ. ‘ಕಾರ್ಡು ನಮ್ಮಪ್ಪಂದು. ನಮ್ಮಪ್ಪ ಕಾಲರಾಕ್ಕ ಸತ್ತಿಲ್ಲ. ನಿಮಗ ಸುಳ್ಳು ಹೇಳಿ ಕೊಟ್ರು ನನ್ನ. ಬದುವಿನ ಜಗಳದಾಗ ಒಬ್ಬನ್ನ ಕಡದು, ಕರಿನೀರಿನ ಶಿಕ್ಷಾ ಆಗಿ ಅಂಡಮಾನಿಗೆ ಹೋದ. ನನಗಾಗ ನಾಕು ವರ್ಷ. ಭೂಮಿ ಕೊಟ್ಟಾರ, ಗಾರಾಚರ್ಮಾ ಅಂತ ಊರಾಗ ಅದೀನಿ, ಹೆಂಡ್ರು ಮಕ್ಕಳು ಬರ್ರಿ ಅಂತ ಈ ಕಾರ್ಡು ಬರಸಿದ್ದ. ನಮ್ಮವ್ವನ್ನ ಯಾರೂ ಕಳಸಲಿಲ್ಲ.’

ಹಾಲಸಿದ್ದಪ್ಪ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. ಮೊಹರು ಖರೆಯದು. ‘ಮೂವತ್ತೈದು ವರ್ಷ!’ ಎಂದ. ‘ಮಗಳಿಗೂ ಗೊತ್ತು, ನನಗ ಗೊತ್ತಿಲ್ಲ!’

‘ನಮ್ಮಪ್ಪ ಜೀವದಿಂದ ಇರಂಗಿಲ್ಲ, ಗೊತ್ತೈತಿ. ನಮ್ಮವರಂಗ ಕುಂದರಿಸಿ ಮಣ್ಣು ಕೊಟ್ರೋ, ಸುಟ್ರೋ, ಸಮುದ್ರಕ್ಕ ಒಗದ್ರೋ, ಅಷ್ಟ ತಿಳಿಬೇಕು. ತಿಳದು ಈ ಮಣ್ಣು ಅಲ್ಲಿ ಹಾಕಿ ಬರಬೇಕು. ಮತ್ತೇನೂ ಕೇಳಂಗಿಲ್ರಿ ನಿಮ್ಮನ್ನ.’

‘ಹಡಗೂ ಇಲ್ಲ, ಕಾರೂ ಇಲ್ಲ. ಗಾಡಿ ಹತ್ತು,’ ಎಂದ ಹಾಲಸಿದ್ದಪ್ಪ.

ಜಂಬಮ್ಮ ಗಾಡಿ ಹತ್ತಲಿಲ್ಲ. ಗಂಟು ಕಟ್ಟಿಕೊಂಡು ಬದುವಿನ ಮೇಲೆ ಕೂತುಬಿಟ್ಟಳು. ಮೂರಾಯಿತು, ನಾಲ್ಕಾಯಿತು. ಐದಕ್ಕೆ ಮಾರೆಣ್ಣ ಮೆಲ್ಲಗೆ, ‘ಹಡಗು ಹೋತ್ರಿ ಸಾಹೇಬ್ರ,’ ಎಂದ.

‘ಹೋಗ್ಲಿ ಬಿಡಪ್ಪ,’ ಎಂದಳು ಜಂಬಮ್ಮ. ‘ಅಲ್ಲೂ ಹಿಂಗ ಕುಂದರ್ತೀನಿ.’

ಅವರು ಬಳ್ಳಾರಿ ಸೇರಿದಾಗ ದೀಪ ಹತ್ತಿದ್ದವು. ಸುಳ್ಳಿನ ಮೇಲೆ ಕಟ್ಟಿದ ಮದುವೆ, ಸುಳ್ಳಿನ ಮೇಲೆ ಹುಟ್ಟಿದ ಮಗಳು ಎಂದು ಹಾಲಸಿದ್ದಪ್ಪ ವಾರವೆಲ್ಲ ಒಳಗೊಳಗೇ ಬೆಂದ. ಜಂಬಮ್ಮ ಕೆಲಸ ಮಾಡುತ್ತಿದ್ದಳು, ಅಡುಗೆ ಬಡಿಸುತ್ತಿದ್ದಳು, ಗಂಟನ್ನು ಮಾತ್ರ ದೇವರ ಮಾಡದಲ್ಲಿ ಇಟ್ಟಿದ್ದಳು. ಅದರ ಕಡೆ ಅವನು ಕೈ ಚಾಚಲಿಲ್ಲ. ಕಚೇರಿಯಲ್ಲಿ ಯಾರೋ ಹಿರಿಯರು, ಯುದ್ಧ ಮುಗಿದ ಮೇಲೆ ಅಂಡಮಾನಿನ ಕೈದಿಗಳನ್ನೆಲ್ಲ ಬಿಟ್ಟರು, ಬರುವವರು ಬಂದರು ಎಂದು ಹೇಳಿದ್ದು ಅವನ ಕಿವಿಗೆ ಬಿತ್ತು. ಅಂದಿನಿಂದ ಅವನ ಅನುಮಾನ ಹೆಂಡತಿಯನ್ನು ಬಿಟ್ಟು ಮಾವನ ಬೆನ್ನು ಹತ್ತಿತು. ಬಿಟ್ಟ ಮೇಲೂ ಆ ಮನುಷ್ಯ ಊರಿಗೆ ಯಾಕೆ ಬರಲಿಲ್ಲ? ಹೆಂಡತಿ, ಮಗಳು ಇರುವಾಗ?

ಎಂಟನೆಯ ದಿನ ಪಟ್ಟಿ ತೆಗೆದ. ಜೈಲಿಗೆ ಗೀಟು ಹೊಡೆದ, ಕಾರ್ಖಾನೆಗೆ ಹೊಡೆದ, ದಂಡೆ, ಬಜಾರು ಎರಡಕ್ಕೂ ಹೊಡೆದ. ಗಾರಾಚರ್ಮಾದ ಮುಂದಿನ ‘ಎರಡು ತಾಸು’ ಎಂಬುದನ್ನು ಕೆರೆದು ‘ಪೂರ್ತಿ’ ಎಂದು ಬರೆದ.

‘ಎರಡು ತಾಸಿನಾಗ ಯಾರೂ ಖರೆ ಹೇಳಂಗಿಲ್ಲ,’ ಎಂದು ಹೆಂಡತಿಗೆ ಹೇಳಿದ.

ಇದನ್ನು ಅಂತಃಕರಣ ಎಂದು ತಿಳಿಯಬೇಡಿ. ಚಟ ಅದು. ಆದರೆ ಆ ಚಟದಿಂದ ಜಂಬಮ್ಮನಿಗೆ ಒಂದು ಉಪಕಾರವಾದದ್ದು ಅದೇ ಮೊದಲು.

ಮುಂದಿನದನ್ನು ನನಗೆ ಹೇಳಿದವನು ಹಾಲಸಿದ್ದಪ್ಪನೇ. ಜಂಬಮ್ಮನನ್ನೂ ಬೇರೆಯಾಗಿ ಕೇಳಿದ್ದೇನೆ. ವ್ಯತ್ಯಾಸವಿಲ್ಲ.

ಅಳಿಯ ಹೇಳಿದ ಹೊತ್ತಿಗೇ ಹಡಗು ಪೋರ್ಟ್ ಬ್ಲೇರಿನ ದಡ ಸೇರಿತು. ಶಿವಬಸಮ್ಮ ವಾಂತಿಯಿಂದ ಸೊರಗಿ ಹಡಗಿನಲ್ಲೇ ಮಲಗಿದಳು, ಗಂಡ ಹೆಂಡತಿ ಇಬ್ಬರೇ ಇಳಿದರು. ಬಂದರಿನ ಹೊರಗೆ ಸಿಕ್ಕ ಕಾರಿನವನು ಸುತ್ತು ಹಾಕಲಿಲ್ಲ, ಹೆಚ್ಚು ಕೇಳಲಿಲ್ಲ, ನೆಟ್ಟಗೆ ಗಾರಾಚರ್ಮಾಕ್ಕೆ ತಂದು ನಿಲ್ಲಿಸಿದ. ನಾಕಾದಲ್ಲಿ ಕಲಿತ ಹಿಂದಿ ಹಾಲಸಿದ್ದಪ್ಪನಿಗಿತ್ತು. ಅಂಗಡಿಯಲ್ಲೊಬ್ಬನನ್ನು, ಬಾವಿಯ ಹತ್ತಿರ ಒಬ್ಬಳನ್ನು ಕೇಳಿದ: ಬಳ್ಳಾರಿ ಕಡೆಯ ಉಜ್ಜಿನಪ್ಪ ಎಂಬ ಹಳೆಯ ಕೈದಿ ಇಲ್ಲಿದ್ದನೇ? ಇಬ್ಬರೂ ಒಂದೇ ಮನೆ ತೋರಿಸಿದರು.

ಬಾಗಿಲಿಗೆ ಬಂದವನಿಗೆ ನಲವತ್ತರ ಹತ್ತಿರ ವಯಸ್ಸು. ಉಜ್ಜಿನಪ್ಪ ಅಲ್ಲಿ ಮಾಡಿಕೊಂಡ ಹೆಂಡತಿಯ ಮಗ. ಅಪ್ಪ ಇಟ್ಟ ಹೆಸರು ಗವಿಸಿದ್ದಪ್ಪ, ಊರವರ ಬಾಯಲ್ಲಿ ಸಿದ್ದು. ಅವನಿಗೆ ಕನ್ನಡ ಬಾರದು. ಬಂದವರು ಯಾರೆಂದು ಕೇಳಿ ತಿಳಿದ ಮೇಲೂ ಹೊಸಿಲು ಬಿಟ್ಟು ಸರಿಯಲಿಲ್ಲ. ಅಪ್ಪ ಸತ್ತು ಹನ್ನೊಂದು ವರ್ಷವಾಯಿತು, ಈಗ ಯಾಕೆ ಬಂದಿರಿ? ಯಾವ ಕಾಗದವಿದೆ ನಿಮ್ಮ ಹತ್ತಿರ? ಈ ಭೂಮಿ ನನ್ನ ಹೆಸರಿನಲ್ಲಿದೆ. ಜಂಬಮ್ಮ ಕಾರ್ಡು ಚಾಚಿದಳು. ಯಾರು ಬೇಕಾದರೂ ಎಲ್ಲಿಂದಲೋ ತರಬಹುದು ಎಂದು ಅವನು ತಿರುಗಿ ಕೊಟ್ಟ. ಅವನ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದು ಹಾಲಸಿದ್ದಪ್ಪ ನನ್ನೆದುರು ಒಪ್ಪಿಕೊಂಡ.

ಕಡೆಗೆ ಸಿದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಕಾಗದ ತಂದ. ‘ನೀವು ಆ ಮನೆಯವರೇ ಆದರೆ ಇದನ್ನು ಓದಿ ಹೇಳಿ. ಅಪ್ಪ ಯಾರಿಂದಲೋ ಓದಿಸಿಕೊಂಡ, ನನಗೆ ಸಾಯುವವರೆಗೂ ಹೇಳಲಿಲ್ಲ. ಈಗ ಇಲ್ಲಿ ಓದುವವರು ಯಾರೂ ಇಲ್ಲ.’

ಕಾಗದ ಕನ್ನಡದಲ್ಲಿತ್ತು. ಸಾವಿರದ ಒಂಬೈನೂರ ನಲವತ್ತಾರರದು. ಜಂಬಮ್ಮನ ಚಿಕ್ಕಪ್ಪ ರಾರಾವಿಯಿಂದ ಬರೆದದ್ದು. ಜಂಬಮ್ಮನಿಗೆ ಓದು ಬಾರದು, ಸಿದ್ದುವಿಗೆ ಭಾಷೆ ಬಾರದು. ಹಾಲಸಿದ್ದಪ್ಪ ಮೊದಲು ಮನಸ್ಸಿನಲ್ಲಿ ಓದಿಕೊಂಡ. ಅಲ್ಲಿ ಅವನು ಏನನ್ನು ಬೇಕಾದರೂ ಹೇಳಬಹುದಿತ್ತು. ಎರಡು ಸಾಲು ಬಿಟ್ಟಿದ್ದರೆ ಈ ಭೂಮಿಯ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ.

ಗಟ್ಟಿಯಾಗಿ ಓದಿದ.

‘ಅಣ್ಣನಿಗೆ ಶರಣು. ನಿನ್ನನ್ನು ಬಿಟ್ಟ ಸುದ್ದಿ ತಿಳಿಯಿತು. ಇಲ್ಲಿ ನೀನು ಕಾಲರಾಕ್ಕೆ ಹೋದೆ ಎಂದು ಹೇಳಿ ಹುಡುಗಿಯನ್ನು ಕುರುಗೋಡಿನ ಒಳ್ಳೆಯ ಮನೆಗೆ ಕೊಟ್ಟಿದ್ದೇವೆ. ಅಳಿಯ ಹಾಲಸಿದ್ದಪ್ಪ ಕೆಟ್ಟವನಲ್ಲ, ಆದರೆ ಬಹಳ ಅನುಮಾನದ ಮನುಷ್ಯ. ನೀನು ಬಂದರೆ ಒಂದು ದಿನವೂ ಮುಚ್ಚಿಡಲಾಗುವುದಿಲ್ಲ. ಹುಡುಗಿಯನ್ನು ತಿರುಗಿ ಕಳಿಸುತ್ತಾನೆ. ಆಕೆ ಬಾಳಬೇಕೆಂದಿದ್ದರೆ ನೀನು ಬರಬೇಡ.’

ಆ ಕಾಗದ ಬರೆದಾಗ ಹಾಲಸಿದ್ದಪ್ಪನಿಗೆ ಇಪ್ಪತ್ತನಾಲ್ಕು ವರ್ಷ. ನಾಕಾದ ಮುಖವನ್ನೇ ನೋಡಿರಲಿಲ್ಲ.

ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿದ. ತನ್ನ ಹೆಸರು ಬಂದ ಕಡೆ ಎದೆಯ ಮೇಲೆ ಬೆರಳಿಟ್ಟು, ‘ಅದು ನಾನು’ ಎಂದ.

ಸಿದ್ದು ಹೊಸಿಲಿನಿಂದ ಸರಿದ. ಮೋಸಗಾರನಾದರೆ ಇದನ್ನು ಹೀಗೆ ಓದುತ್ತಿರಲಿಲ್ಲ ಎಂದು ಅವನಿಗೆ ಅನಿಸಿರಬೇಕು. ಜಂಬಮ್ಮ ಗಂಡನ ಕಡೆ ತಿರುಗಲೇ ಇಲ್ಲ. ತಮ್ಮನಿಗೆ ಕೈಸನ್ನೆ ಮಾಡಿ, ನೆಲದ ಮೇಲೆ ಪದ್ಮಾಸನ ಹಾಕಿ ಕೂತು ತೋರಿಸಿ, ಹೀಗೋ ಎಂದು ಕೇಳಿದಳು. ಅವನಿಗೆ ತಕ್ಷಣ ತಿಳಿಯಿತು. ಹೌದು, ಹೀಗೆಯೇ. ಸಾಯುವ ಐದು ವರ್ಷ ಮೊದಲಿನಿಂದ ಅಪ್ಪ ಹೇಳಿಕೊಂಡೇ ಇದ್ದ, ಕುಣಿ ಚೌಕವಾಗಿರಬೇಕು, ನನ್ನನ್ನು ಮಲಗಿಸಬೇಡಿ ಎಂದು. ಊರಿನವರು ನಕ್ಕಿದ್ದರು. ತೋಡಿದಷ್ಟೂ ನೀರು ಒಸರಿ ಒಂದಿಡೀ ದಿನ ಹಿಡಿಯಿತು, ಆದರೂ ಕೂರಿಸಿದೆವು.

ಸಿದ್ದು ಮೂಲೆಯಲ್ಲಿದ್ದ ಕತ್ತಿ ತೆಗೆದುಕೊಂಡು, ಹಿತ್ತಲಿನ ತೆಂಗಿನ ಸಾಲಿನ ನಡುವೆ ಬೆಳೆದ ಪೊದೆ ಸವರುತ್ತ ಅಪ್ಪನ ಸಮಾಧಿಯ ಕಡೆ ಮುಂದೆ ನಡೆದ. ಜಂಬಮ್ಮ ಮಣ್ಣಿನ ಗಂಟು ಹಿಡಿದು ಎದ್ದಳು. ಹಾಲಸಿದ್ದಪ್ಪನೂ ಚಪ್ಪಲಿ ಬಿಟ್ಟು ಹಿಂದೆಯೇ ಎರಡು ಹೆಜ್ಜೆ ಇಟ್ಟ.

‘ನೀವು ಕಾರಿನ ಹತ್ರ ಇರ್ರಿ,’ ಎಂದಳು ಆಕೆ.

ಅವನು ಯಾಕೆ ಎಂದು ಕೇಳಲಿಲ್ಲ. ಹೋಗಿ ಕಾರಿನ ಹತ್ತಿರ ನಿಂತ.